ಎಲ್ಲ ರೌಟರ್‌ಗಳ ಕೈಯಲ್ಲೂ ಒಂದೇ ನಕ್ಷೆ: ಓಎಸ್‌ಪಿಎಫ್ ಡೇಟಾಬೇಸ್ ಸಿಂಕ್ ಆಗುವುದನ್ನು ಹಂತ ಹಂತವಾಗಿ ನೋಡೋಣ

ಓಎಸ್‌ಪಿಎಫ್ ಅಂದರೆ ರೌಟರ್‌ಗಳು ನೆಟ್‌ವರ್ಕ್‌ನ ನಕ್ಷೆ ಹಂಚಿಕೊಂಡು ದಾರಿ ಹುಡುಕುವ ಪ್ರೋಟೋಕಾಲ್. ಅದರಲ್ಲಿ ನೈಬರ್, ಅಂದರೆ ಪಕ್ಕದ ರೌಟರ್, ಎಕ್ಸ್‌ಸ್ಟಾರ್ಟ್ ಎಂಬ ಸ್ಥಿತಿಯಲ್ಲೇ ನಿಂತಿದೆ ಅಂದ ಕೂಡಲೇ ಹೆಚ್ಚಿನವರು ಮೊದಲು ಪ್ರೋಸೆಸ್ ಕ್ಲಿಯರ್ ಮಾಡುತ್ತಾರೆ. ಆಮೇಲೆ ಕೇಬಲ್ ಬದಲಾಯಿಸುತ್ತಾರೆ. ಕೊನೆಗೆ ರೌಟರನ್ನೇ ರೀಬೂಟ್ ಮಾಡುತ್ತಾರೆ. ನಾನೂ ಮೊದಮೊದಲು ಹೀಗೇ ಮಾಡುತ್ತಿದ್ದೆ. ಆದರೆ ಎಕ್ಸ್‌ಸ್ಟಾರ್ಟ್ ಅನ್ನುವ ಆ ಒಂದು ಪದದಲ್ಲೇ ಅರ್ಧ ಉತ್ತರ ಇರುತ್ತದೆ. ಎರಡು ರೌಟರ್‌ಗಳ ಮಾತುಕತೆ ಎಲ್ಲಿಗೆ ಬಂದು ನಿಂತಿತು ಅಂತ ಅದು ಹೇಳುತ್ತಿರುತ್ತದೆ. ಮಾತುಕತೆ ಪೂರ್ತಿ ಗೊತ್ತಿದ್ದರೆ, ನಿಂತ ಜಾಗ ನೋಡಿಯೇ ಕಾರಣ ಹಿಡಿಯಬಹುದು.

ಆ ಮಾತುಕತೆಯನ್ನು ಮೊದಲಿಂದ ಕೊನೆವರೆಗೆ ನಿಮ್ಮ ಕಣ್ಣೆದುರೇ ನಡೆಸಿ ನೋಡುವ ದಾರಿ ಇಲ್ಲಿದೆ. ಆಧಾರ ಓಎಸ್‌ಪಿಎಫ್ ಆವೃತ್ತಿ 2, ಅಂದರೆ ಜಾನ್ ಮಾಯ್ ಬರೆದು 1998ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 2328 ಎಂಬ ಮಾನದಂಡ ದಾಖಲೆ. ಐಪಿ ವಿಳಾಸ, ಸಬ್‌ನೆಟ್ ಗೊತ್ತಿದ್ದು ಒಂದೆರಡು ಸಲ ರೌಟರ್ ಕಾನ್ಫಿಗರ್ ಮಾಡಿದ್ದರೆ ಸಾಕು.

ನಕ್ಷೆ ಒಂದೇ ಇರಬೇಕು ಯಾಕೆ

ಹಳೆಯ ಡಿಸ್ಟೆನ್ಸ್ ವೆಕ್ಟರ್ ಪದ್ಧತಿಯಲ್ಲಿ ರೌಟರ್ ತನ್ನ ಪಕ್ಕದವರಿಗೆ ಲೆಕ್ಕದ ಉತ್ತರ ಹೇಳುತ್ತದೆ: "ಆ ನೆಟ್‌ವರ್ಕ್‌ಗೆ ನನ್ನ ಮೂಲಕ ಇಷ್ಟು ದೂರ." ಪಕ್ಕದವನು ಅದನ್ನು ನಂಬುತ್ತಾನೆ, ತನ್ನದನ್ನು ಕೂಡಿಸಿ ಮುಂದಿನವನಿಗೆ ಹೇಳುತ್ತಾನೆ. ಲಿಂಕ್‌ಸ್ಟೇಟ್‌ನಲ್ಲಿ ಹಾಗಲ್ಲ. ಪ್ರತಿ ರೌಟರ್ ತನಗೆ ನೇರವಾಗಿ ಗೊತ್ತಿರುವುದನ್ನು ಮಾತ್ರ ಹೇಳುತ್ತದೆ: ನನಗೆ ಯಾವ ಲಿಂಕ್‌ಗಳಿವೆ, ಆ ಕಡೆ ಯಾರಿದ್ದಾರೆ, ಖರ್ಚು ಎಷ್ಟು. ಈ ಹೇಳಿಕೆ ಒಂದಕ್ಷರವೂ ಬದಲಾಗದೆ ಏರಿಯಾದ, ಅಂದರೆ ನೆಟ್‌ವರ್ಕ್‌ನ ಆ ವಿಭಾಗದ, ಎಲ್ಲ ರೌಟರ್‌ಗಳಿಗೂ ತಲುಪುತ್ತದೆ. ಎಲ್ಲರ ಹೇಳಿಕೆ ಜೋಡಿಸಿದರೆ ನಕ್ಷೆ. ಆ ನಕ್ಷೆಯ ಮೇಲೆ ಪ್ರತಿಯೊಬ್ಬರೂ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ ಹತ್ತಿರದ ದಾರಿ ಹುಡುಕುತ್ತಾರೆ.

ಲೆಕ್ಕ ಎಲ್ಲರೂ ಬೇರೆ ಬೇರೆ ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಎ ರೌಟರ್‌ನ ನಕ್ಷೆ ಹೊಸದು, ಬಿ ರೌಟರ್‌ನದು ಹಳೆಯದು ಅಂದುಕೊಳ್ಳಿ. ಎ ಪ್ಯಾಕೆಟನ್ನು ಬಿಗೆ ಕೊಡುತ್ತದೆ, ಬಿ ಅದನ್ನು ವಾಪಸ್ ಎಗೆ ಕೊಡುತ್ತದೆ. ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದು ಎಂಬ ಲೆಕ್ಕ) ಮುಗಿಯುವವರೆಗೂ ಅದು ಅಲ್ಲೇ ಸುತ್ತುತ್ತದೆ. ಇಬ್ಬರ ಲೆಕ್ಕವೂ ಸರಿ, ನಕ್ಷೆ ಮಾತ್ರ ಬೇರೆ. ಹಾಗಾಗಿ ಓಎಸ್‌ಪಿಎಫ್‌ನಲ್ಲಿ ದಾರಿ ಹುಡುಕುವುದಕ್ಕಿಂತ ನಕ್ಷೆ ಒಂದೇ ಆಗಿ ಇಡುವುದೇ ದೊಡ್ಡ ಕೆಲಸ.

ಈ ಕೆಲಸದಲ್ಲಿ ಎರಡು ಭಾಗ ಇದೆ. ಎರಡು ರೌಟರ್‌ಗಳು ಹೊಸದಾಗಿ ಭೇಟಿಯಾದಾಗ ಪೂರ್ತಿ ಡೇಟಾಬೇಸ್ ತಾಳೆ ನೋಡುವುದು ಒಂದು. ಆಮೇಲೆ ಆಗುವ ಪ್ರತಿ ಸಣ್ಣ ಬದಲಾವಣೆಯನ್ನೂ ಎಲ್ಲರಿಗೂ ಹಂಚುವುದು ಇನ್ನೊಂದು, ಅದಕ್ಕೆ ಫ್ಲಡಿಂಗ್ ಅಂತ ಹೆಸರು. ಇವೆರಡನ್ನೂ ಕಲಸಿಕೊಂಡರೆ ತಲೆ ಕೆಡುತ್ತದೆ. ಬೇರೆ ಬೇರೆಯಾಗಿ ನೋಡೋಣ.

ರೌಟರ್ ಕೊಡುವ ಹೇಳಿಕೆಗೆ ಎಲ್‌ಎಸ್‌ಎ ಅನ್ನುತ್ತಾರೆ. ಅದಕ್ಕೆ 20 ಬೈಟ್‌ನ ಹೆಡರ್ ಇರುತ್ತದೆ. ಅದರಲ್ಲಿ ಟೈಪ್, ಲಿಂಕ್‌ಸ್ಟೇಟ್ ಐಡಿ, ಬರೆದ ರೌಟರ್‌ನ ಐಡಿ, ಈ ಮೂರೂ ಸೇರಿ "ಇದು ಯಾವ ಹೇಳಿಕೆ" ಅಂತ ಗುರುತಿಸುತ್ತವೆ. ಸೀಕ್ವೆನ್ಸ್ ನಂಬರ್ (ಎಷ್ಟನೇ ಪ್ರತಿ), ಚೆಕ್‌ಸಮ್ (ಒಳಗಿನ ಡೇಟಾ ಕೆಟ್ಟಿಲ್ಲ ಅಂತ ನೋಡುವ ಸಂಖ್ಯೆ), ವಯಸ್ಸು, ಈ ಮೂರು "ಇದು ಎಷ್ಟು ಹೊಸದು" ಅಂತ ಹೇಳುತ್ತವೆ. ಮುಂದೆ ಬರುವುದೆಲ್ಲ ಈ ಆರು ಸಂಗತಿಗಳ ಆಟ.

ಹಂತ 1: ಮೂರು ರೌಟರ್‌ಗಳ ಲ್ಯಾಬ್

ಸುಮ್ನೆ ಓದಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಲಿನಕ್ಸ್ ಯಂತ್ರ, ಅದರಲ್ಲಿ ಎಫ್‌ಆರ್‌ಆರ್ ಎಂಬ ಉಚಿತ ರೌಟಿಂಗ್ ಸಾಫ್ಟ್‌ವೇರ್ ಇದ್ದರೆ ಸಾಕು. ಮೂರು ಕಂಟೇನರ್ ಅಥವಾ ವರ್ಚುವಲ್ ಮಷೀನ್ ಮಾಡಿ, ತ್ರಿಕೋನದ ಹಾಗೆ ಜೋಡಿಸಿ: ಎ–ಬಿ, ಬಿ–ಸಿ, ಎ–ಸಿ. ಎಫ್‌ಆರ್‌ಆರ್‌ನ ಡೀಮನ್ಸ್ ಫೈಲ್‌ನಲ್ಲಿ ಓಎಸ್‌ಪಿಎಫ್‌ಡಿ ಸಾಲನ್ನು ಯೆಸ್ ಮಾಡಿ. ರೌಟರ್ ಐಡಿ ಕೈಯಾರೆ ಕೊಡಿ: ಎಗೆ 1.1.1.1, ಬಿಗೆ 2.2.2.2, ಸಿಗೆ 3.3.3.3. ಎಲ್ಲ ಲಿಂಕ್‌ಗಳನ್ನೂ ಏರಿಯಾ 0ಗೆ ಹಾಕಿ.

ಇಂಟರ್‌ಫೇಸ್ ಟೈಪನ್ನು ಸದ್ಯಕ್ಕೆ ಪಾಯಿಂಟ್ ಟು ಪಾಯಿಂಟ್ (ಎರಡೇ ರೌಟರ್ ಇರುವ ಲಿಂಕ್) ಮಾಡಿಬಿಡಿ. ಈಥರ್ನೆಟ್ ಅಂದರೆ ಅದು ಬ್ರಾಡ್‌ಕಾಸ್ಟ್ (ಹಲವು ರೌಟರ್ ಹಂಚಿಕೊಳ್ಳುವ ಲಿಂಕ್) ಅಂತಲೇ ತಿಳಿದು ಮುಖಂಡನ ಆಯ್ಕೆಗೆ 40 ಸೆಕೆಂಡ್ ಕಾಯುತ್ತದೆ. ಆ ಗಲಾಟೆ ಆಮೇಲೆ ನೋಡೋಣ.

ಎ–ಬಿ ಲಿಂಕ್ ಮೇಲೆ ಟಿಸಿಪಿಡಂಪ್ (ಪ್ಯಾಕೆಟ್ ಸೆರೆಹಿಡಿಯುವ ಸಾಧನ) ಓಡಿಸಿ, ಐಪಿ ಪ್ರೋಟೋಕಾಲ್ 89 ಮಾತ್ರ ಬರುವ ಹಾಗೆ ಫಿಲ್ಟರ್ ಹಾಕಿ. ಓಎಸ್‌ಪಿಎಫ್‌ಗೆ ಟಿಸಿಪಿಯೂ ಇಲ್ಲ, ಯುಡಿಪಿಯೂ ಇಲ್ಲ. ನೇರ ಐಪಿ ಮೇಲೆ ಕೂರುತ್ತದೆ, ಅದರ ನಂಬರ್ 89. ಪ್ಯಾಕೆಟ್ ತಲುಪಿತೋ ಇಲ್ಲವೋ ಅಂತ ನೋಡಿಕೊಳ್ಳುವ ಜವಾಬ್ದಾರಿಯೂ ಹಾಗಾಗಿ ಅದರದ್ದೇ. ಕಡತವನ್ನು ಸೇವ್ ಮಾಡಿ ವೈರ್‌ಶಾರ್ಕ್‌ನಲ್ಲಿ ತೆರೆದರೆ ಪ್ರತಿ ಫ್ಲ್ಯಾಗ್ ಕೂಡ ಬಿಡಿಸಿ ತೋರಿಸುತ್ತದೆ.

ಹಂತ 2: ಹಲೋ, ಮತ್ತು "ನಿನಗೆ ನಾನು ಕಾಣಿಸ್ತಿದ್ದೀನಾ?"

ಪ್ರತಿ 10 ಸೆಕೆಂಡಿಗೆ ಒಂದು ಹಲೋ 224.0.0.5 ಎಂಬ ಮಲ್ಟಿಕಾಸ್ಟ್ (ಗುಂಪಿಗೆ ಕಳಿಸುವ) ವಿಳಾಸಕ್ಕೆ ಹೋಗುತ್ತದೆ. 40 ಸೆಕೆಂಡ್ ಹಲೋ ಬರಲಿಲ್ಲ ಅಂದರೆ ನೈಬರ್ ಸತ್ತ ಅಂತ ಲೆಕ್ಕ. ಹಲೋ ಒಳಗೆ "ನಾನು ಯಾರ್ಯಾರ ಹಲೋ ಕೇಳಿದ್ದೇನೆ" ಅಂತ ಐಡಿಗಳ ಪಟ್ಟಿ ಇರುತ್ತದೆ. ಬಿ ಕಳಿಸಿದ ಹಲೋದಲ್ಲಿ ತನ್ನ ಹೆಸರು ಇಲ್ಲದಿದ್ದರೆ ಎ ಅದನ್ನು ಇನಿಟ್ ಅಂತ ಬರೆದುಕೊಳ್ಳುತ್ತದೆ. ತನ್ನ ಹೆಸರು ಕಂಡರೆ ಟೂ-ವೇ.

ಇನಿಟ್‌ನಲ್ಲೇ ನಿಂತಿದ್ದರೆ ಅರ್ಥ ಸ್ಪಷ್ಟ: ಅವನ ಮಾತು ನನಗೆ ಕೇಳುತ್ತಿದೆ, ನನ್ನ ಮಾತು ಅವನಿಗೆ ಕೇಳುತ್ತಿಲ್ಲ. ಒಂದು ಕಡೆಯ ಫೈರ್‌ವಾಲ್ ಮಲ್ಟಿಕಾಸ್ಟ್ ತಡೆಯುತ್ತಿರಬಹುದು. ನೈಬರ್ ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದರೆ ಏರಿಯಾ ನಂಬರ್, ಹಲೋ ಮತ್ತು ಡೆಡ್ ಟೈಮರ್, ಸ್ಟಬ್ ಫ್ಲ್ಯಾಗ್ (ಹೊರಗಿನ ರೂಟ್‌ಗಳು ಬಾರದ ಏರಿಯಾ ಎಂಬ ಗುರುತು), ಪಾಸ್‌ವರ್ಡ್, ಬ್ರಾಡ್‌ಕಾಸ್ಟ್ ಆದರೆ ಸಬ್‌ನೆಟ್ ಮಾಸ್ಕ್, ಇವುಗಳಲ್ಲಿ ಯಾವುದೋ ಒಂದು ಹೊಂದುತ್ತಿಲ್ಲ. ಇಲ್ಲಿ ಜಾಸ್ತಿ ಹೊತ್ತು ಬೇಡ, ಮುಂದೆ ಹೋಗೋಣ.

ಹಂತ 3: ಎಕ್ಸ್‌ಸ್ಟಾರ್ಟ್, ಯಾರು ಮೊದಲು ಮಾತಾಡಬೇಕು

ಡೇಟಾಬೇಸ್ ತಾಳೆ ನೋಡುವಾಗ ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರ ಮಾತಿಗೆ ಯಾವುದು ಉತ್ತರ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಒಬ್ಬ ಮಾಸ್ಟರ್, ಇನ್ನೊಬ್ಬ ಸ್ಲೇವ್ ಅಂತ ತೀರ್ಮಾನ ಆಗಬೇಕು. ಇಬ್ಬರೂ ಖಾಲಿ ಡಿಬಿಡಿ (ಡೇಟಾಬೇಸ್ ಡಿಸ್ಕ್ರಿಪ್ಶನ್) ಪ್ಯಾಕೆಟ್ ಕಳಿಸುತ್ತಾರೆ. ಅದರಲ್ಲಿ ಮೂರು ಫ್ಲ್ಯಾಗ್ ಮೇಲಕ್ಕೆದ್ದಿರುತ್ತವೆ: ಇದು ಮೊದಲ ಪ್ಯಾಕೆಟ್, ಇನ್ನೂ ಇದೆ, ನಾನೇ ಮಾಸ್ಟರ್. ರೌಟರ್ ಐಡಿ ಯಾರದು ದೊಡ್ಡದೋ ಅವನು ಗೆಲ್ಲುತ್ತಾನೆ. ನಮ್ಮ ಲ್ಯಾಬ್‌ನಲ್ಲಿ ಬಿ. ಎ ಒಪ್ಪಿಕೊಂಡು, ಬಿ ಕೊಟ್ಟ ಸೀಕ್ವೆನ್ಸ್ ನಂಬರನ್ನೇ ಹಾಕಿ ಉತ್ತರ ಕೊಡುತ್ತದೆ. ಇಲ್ಲಿ ಮಾಸ್ಟರ್ ಅಂದರೆ ನಂಬರ್ ಏರಿಸುವ ಹಕ್ಕು ಅಷ್ಟೇ. ಡೇಟಾ ಇಬ್ಬರದ್ದೂ ಸಮ.

ಈ ಪ್ಯಾಕೆಟ್‌ನಲ್ಲೇ ಇನ್ನೊಂದು ಸಣ್ಣ ಜಾಗ ಇದೆ: ಇಂಟರ್‌ಫೇಸ್ ಎಂಟಿಯು, ಅಂದರೆ ತುಂಡು ಮಾಡದೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ. ಎದುರಿನವನು ನಾನು ತೆಗೆದುಕೊಳ್ಳಬಹುದಾದ್ದಕ್ಕಿಂತ ದೊಡ್ಡ ಸಂಖ್ಯೆ ಹೇಳಿದರೆ ನಾನು ಆ ಡಿಬಿಡಿಯನ್ನು ಎಸೆಯಬೇಕು. ನಿಯಮ ಹಾಗಿದೆ.

ಒಂದು ರಾತ್ರಿ ಕೆಲಸದಲ್ಲಿ ಹಳೆಯ ಸ್ವಿಚ್ ತೆಗೆದು ಹೊಸದು ಹಾಕಿದೆವು. ಲಿಂಕ್ ಬಂತು, ಪಿಂಗ್ ಹೋಯಿತು, ಹಲೋ ಸರಿಯಾಗಿತ್ತು. ನೈಬರ್ ಮಾತ್ರ ಮುಂದೆ ಹೋಗಲಿಲ್ಲ. ಒಂದು ಕಡೆ ಎಕ್ಸ್‌ಸ್ಟಾರ್ಟ್, ಇನ್ನೊಂದು ಕಡೆ ಅದರ ಮುಂದಿನ ಸ್ಥಿತಿಯಾದ ಎಕ್ಸ್‌ಚೇಂಜ್ ಅಂತ ತೋರಿಸುತ್ತಿತ್ತು. ಎರಡು ಗಂಟೆ ಕೇಬಲ್, ಆಪ್ಟಿಕ್ಸ್, ಪಾಸ್‌ವರ್ಡ್ ಅಂತ ಹುಡುಕಿದೆವು. ಕೊನೆಗೆ ಪ್ಯಾಕೆಟ್ ಹಿಡಿದು ನೋಡಿದರೆ ಒಂದು ಡಿಬಿಡಿಯಲ್ಲಿ 9000, ಇನ್ನೊಂದರಲ್ಲಿ 1500. ಪಿಂಗ್ ಸಣ್ಣ ಪ್ಯಾಕೆಟ್, ಅದಕ್ಕೆ ಈ ವ್ಯತ್ಯಾಸ ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ನಾನು ಹೊಸ ಲಿಂಕ್ ಮೇಲೆ ಮೊದಲು ಮಾಡುವ ಕೆಲಸ ದೊಡ್ಡ ಪಿಂಗ್: ತುಂಡು ಮಾಡಬಾರದು ಎಂಬ ಫ್ಲ್ಯಾಗ್ ಹಾಕಿ, 1500 ಎಂಟಿಯುಗೆ 1472 ಬೈಟ್, 9000ಕ್ಕೆ 8972. ಐಪಿ ಹೆಡರ್ 20, ಐಸಿಎಂಪಿ ಹೆಡರ್ 8, ಉಳಿದದ್ದು ನಿಮ್ಮದು.

ಎರಡು ಕಡೆ ಬೇರೆ ಬೇರೆ ಸ್ಥಿತಿ ಯಾಕೆ ಕಾಣಿಸಿತು ಅನ್ನುವುದನ್ನೂ ಲ್ಯಾಬ್‌ನಲ್ಲಿ ಮಾಡಿ ನೋಡಿ. ಎಂಟಿಯು ಕಮ್ಮಿ ಇರುವವನ ಡಿಬಿಡಿಯನ್ನು ಜಾಸ್ತಿ ಇರುವವನು ಸಂತೋಷವಾಗಿ ತೆಗೆದುಕೊಳ್ಳುತ್ತಾನೆ. ಕಮ್ಮಿ ಇರುವವನ ಐಡಿಯೇ ದೊಡ್ಡದಾಗಿದ್ದರೆ ಎದುರಿನವನು ಸ್ಲೇವ್ ಆಗಿ ಎಕ್ಸ್‌ಚೇಂಜ್‌ಗೆ ಹೋಗಿಬಿಡುತ್ತಾನೆ. ಆದರೆ ಅವನ ಉತ್ತರ ಈ ಕಡೆ ಬಿಸಾಕಲ್ಪಡುತ್ತದೆ, ಇವನು ಎಕ್ಸ್‌ಸ್ಟಾರ್ಟ್‌ನಲ್ಲೇ ಉಳಿಯುತ್ತಾನೆ. ಐಡಿ ಅದಲು ಬದಲು ಆಗಿದ್ದರೆ ಇಬ್ಬರೂ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಲ್ಲುತ್ತಾರೆ. ತಪ್ಪು ಒಂದೇ, ಎರಡು ಮುಖ.

ಎಂಟಿಯು ಇಗ್ನೋರ್ ಎಂಬ ಆಜ್ಞೆ ಇದೆ, ಹಾಕಿದರೆ ಈ ಪರೀಕ್ಷೆಯೇ ನಡೆಯುವುದಿಲ್ಲ. ಬೆಳಿಗ್ಗೆವರೆಗೆ ತಳ್ಳಲು ಬಳಸಿದರೆ ತಪ್ಪಿಲ್ಲ. ಹಾಗೇ ಬಿಟ್ಟರೆ ಮುಂದೆ ದೊಡ್ಡ ಅಪ್‌ಡೇಟ್ ಪ್ಯಾಕೆಟ್ ಬಂದಾಗ ಅದು ದಾರಿಯಲ್ಲೇ ಕಾಣೆಯಾಗಿ, ನೈಬರ್ ಎಕ್ಸ್‌ಚೇಂಜ್ ಆದ ಮೇಲಿನ ಲೋಡಿಂಗ್ ಸ್ಥಿತಿಯಲ್ಲಿ ನಿಲ್ಲುತ್ತದೆ. ಆ ದಿನ ಕಾರಣ ಹುಡುಕುವುದು ಇನ್ನೂ ಕಷ್ಟ.

ಹಂತ 4: ಎಕ್ಸ್‌ಚೇಂಜ್, ಬರೀ ಪರಿವಿಡಿ

ಈಗ ಇಬ್ಬರೂ ತಮ್ಮ ಡೇಟಾಬೇಸ್‌ನ ಪರಿವಿಡಿ ಹೇಳುತ್ತಾರೆ. ಪೂರ್ತಿ ಎಲ್‌ಎಸ್‌ಎ ಅಲ್ಲ, ಆ 20 ಬೈಟ್ ಹೆಡರ್ ಮಾತ್ರ. ಇದು ಎಷ್ಟು ಉಳಿತಾಯ ಅಂತ ಲೆಕ್ಕ ಹಾಕಿ ನೋಡಿ. 1500 ಬೈಟ್‌ನ ಪ್ಯಾಕೆಟ್‌ನಲ್ಲಿ ಐಪಿ ಹೆಡರ್ 20, ಓಎಸ್‌ಪಿಎಫ್ ಹೆಡರ್ 24, ಡಿಬಿಡಿಯ ಸ್ವಂತ ಜಾಗ 8 ಕಳೆದರೆ 1448 ಉಳಿಯಿತು. ಅದರಲ್ಲಿ 72 ಹೆಡರ್ ಹಿಡಿಯುತ್ತದೆ. 500 ಎಲ್‌ಎಸ್‌ಎ ಇರುವ ನೆಟ್‌ವರ್ಕ್‌ನ ಇಡೀ ಪರಿವಿಡಿ 7 ಪ್ಯಾಕೆಟ್‌ನಲ್ಲಿ ಮುಗಿಯಿತು. ಒಂದು ಕ್ಷಣ ಲಿಂಕ್ ಬಿದ್ದು ಎದ್ದಿದ್ದರೆ ಇಬ್ಬರ ಹತ್ತಿರವೂ ಹೆಚ್ಚುಕಮ್ಮಿ ಅದೇ ಡೇಟಾಬೇಸ್ ಇರುತ್ತದೆ. ಪರಿವಿಡಿ ನೋಡಿದ ಮೇಲೆ ಕೇಳುವುದೇ ಏನೂ ಇರುವುದಿಲ್ಲ.

ಒಂದು ಸಲಕ್ಕೆ ಒಂದೇ ಪ್ಯಾಕೆಟ್. ಬಿ ಒಂದು ಕಳಿಸುತ್ತದೆ, ಎ ಅದೇ ನಂಬರ್ ಹಾಕಿ ತನ್ನ ಪರಿವಿಡಿಯ ಒಂದು ಭಾಗ ಕೊಡುತ್ತದೆ. ಆ ಉತ್ತರವೇ ರಸೀದಿ. ಬಿ ನಂಬರನ್ನು ಒಂದು ಏರಿಸಿ ಮುಂದಿನದು ಕಳಿಸುತ್ತದೆ. ಇಬ್ಬರೂ "ಇನ್ನೂ ಇದೆ" ಫ್ಲ್ಯಾಗ್ ಇಳಿಸಿದಾಗ ಮಾತು ಮುಗಿಯಿತು. ಸೆರೆಹಿಡಿದ ಕಡತದಲ್ಲಿ ಈ ಸವಾಲು ಜವಾಬನ್ನು ಒಂದೊಂದಾಗಿ ನೋಡಿ, ತುಂಬಾ ಅಚ್ಚುಕಟ್ಟಾಗಿರುತ್ತದೆ.

ಪ್ರತಿ ಹೆಡರ್ ಬಂದಾಗಲೂ ಎ ತನ್ನ ಡೇಟಾಬೇಸ್ ನೋಡುತ್ತದೆ. ತನ್ನ ಹತ್ತಿರ ಇಲ್ಲದ್ದು ಅಥವಾ ಅವನದ್ದೇ ಹೊಸದು ಆಗಿದ್ದರೆ "ಕೇಳಬೇಕಾದ ಪಟ್ಟಿ"ಗೆ ಸೇರಿಸುತ್ತದೆ.

ಹಂತ 5: ಲೋಡಿಂಗ್, ಆಮೇಲೆ ಫುಲ್

ಪಟ್ಟಿಯಲ್ಲಿರುವುದನ್ನು ಎಲ್‌ಎಸ್‌ಆರ್ ಪ್ಯಾಕೆಟ್‌ನಿಂದ ಕೇಳುವುದು, ಎಲ್‌ಎಸ್‌ಯು ಪ್ಯಾಕೆಟ್‌ನಲ್ಲಿ ಪೂರ್ತಿ ಎಲ್‌ಎಸ್‌ಎ ಬರುವುದು. ಪಟ್ಟಿ ಖಾಲಿಯಾದರೆ ಫುಲ್.

ಓಎಸ್‌ಪಿಎಫ್‌ನಲ್ಲಿ ನನಗೆ ತುಂಬಾ ಇಷ್ಟವಾದ ನಿರ್ಧಾರ ಇಲ್ಲಿದೆ. ಪಾಯಿಂಟ್ ಟು ಪಾಯಿಂಟ್ ಲಿಂಕ್‌ನಲ್ಲಿ, ನೈಬರ್ ಫುಲ್ ಆಗುವವರೆಗೂ ರೌಟರ್ ಆ ನೈಬರ್ ಹೆಸರನ್ನು ತನ್ನ ಎಲ್‌ಎಸ್‌ಎಯಲ್ಲಿ ಬರೆಯುವುದಿಲ್ಲ. ಅಂದರೆ ನಕ್ಷೆಯಲ್ಲಿ ಆ ಲಿಂಕ್ ಇನ್ನೂ ಇಲ್ಲ. ಕೇಬಲ್ ಇದೆ, ಹಲೋ ಓಡಾಡುತ್ತಿದೆ, ಆದರೂ ಆ ದಾರಿಯಲ್ಲಿ ಯಾರೂ ಪ್ಯಾಕೆಟ್ ಕಳಿಸುವುದಿಲ್ಲ. ಅರ್ಧ ನಕ್ಷೆ ಇಟ್ಟುಕೊಂಡ ರೌಟರ್ ಕೈಗೆ ಟ್ರಾಫಿಕ್ ಕೊಡದೇ ಇರಲು ಇದಕ್ಕಿಂತ ಸರಳ ಉಪಾಯ ಇಲ್ಲ.

ಫುಲ್ ಆಗಿಯೂ ರೂಟ್ ಬಂದಿಲ್ಲ ಅಂದರೆ? ಎರಡು ಕಡೆಯ ನೆಟ್‌ವರ್ಕ್ ಟೈಪ್ ನೋಡಿ. ಒಂದು ಕಡೆ ಪಾಯಿಂಟ್ ಟು ಪಾಯಿಂಟ್, ಇನ್ನೊಂದು ಕಡೆ ಬ್ರಾಡ್‌ಕಾಸ್ಟ್ ಇದ್ದರೂ ಟೈಮರ್ ಒಂದೇ ಆದ್ದರಿಂದ ಫುಲ್ ಆಗಿಬಿಡುತ್ತದೆ. ಆದರೆ ಇಬ್ಬರೂ ಒಂದೇ ಲಿಂಕನ್ನು ಎರಡು ಥರ ವರ್ಣಿಸಿರುತ್ತಾರೆ. ಲೆಕ್ಕ ಹಾಕುವಾಗ "ಎ ಹೇಳಿದ ಲಿಂಕನ್ನು ಬಿ ಕೂಡ ಹೇಳಿದೆಯಾ" ಅಂತ ತಾಳೆ ನೋಡುತ್ತಾರೆ, ಅದು ಸಿಗುವುದಿಲ್ಲ. ಡೇಟಾಬೇಸ್ ಸಿಂಕ್ ಆಗಿದೆ, ಒಳಗಿನ ಮಾತು ಹೊಂದುತ್ತಿಲ್ಲ.

ಹಂತ 6: ಫ್ಲಡಿಂಗ್, ಸುದ್ದಿ ಹರಡುವ ಬಗೆ

ಈಗ ಮೂರೂ ರೌಟರ್ ಫುಲ್. ಎ ಮೇಲೆ ಒಂದು ಹೊಸ ಲೂಪ್‌ಬ್ಯಾಕ್ (ಯಾವ ಕೇಬಲ್‌ಗೂ ಸೇರದ, ರೌಟರ್ ಒಳಗಿನ) ವಿಳಾಸ ಸೇರಿಸಿ, ಅದನ್ನೂ ಏರಿಯಾ 0ಗೆ ಹಾಕಿ. ಮೂರೂ ಲಿಂಕ್ ಮೇಲೆ ಟಿಸಿಪಿಡಂಪ್ ಓಡುತ್ತಿರಲಿ.

ಎ ತನ್ನ ರೌಟರ್ ಎಲ್‌ಎಸ್‌ಎಯನ್ನು ಹೊಸದಾಗಿ ಬರೆದು, ಸೀಕ್ವೆನ್ಸ್ ನಂಬರ್ ಒಂದು ಏರಿಸಿ, ಬಿ ಮತ್ತು ಸಿ ಎರಡಕ್ಕೂ ಕಳಿಸುತ್ತದೆ. ಬಿ ಅದನ್ನು ಡೇಟಾಬೇಸ್‌ಗೆ ಹಾಕಿ, ಬಂದ ಲಿಂಕ್ ಬಿಟ್ಟು ಉಳಿದ ಲಿಂಕ್‌ಗೆ, ಅಂದರೆ ಸಿಗೆ ಕಳಿಸುತ್ತದೆ. ಅದೇ ಹೊತ್ತಿಗೆ ಸಿ ಕೂಡ ಬಿಗೆ ಕಳಿಸಿರುತ್ತದೆ. ಬಿ–ಸಿ ಲಿಂಕ್ ಮೇಲೆ ಒಂದೇ ಸುದ್ದಿ ಎರಡೂ ದಿಕ್ಕಿಗೆ ಹೋಗಿ ದಾರಿಯಲ್ಲಿ ಎದುರಾಗುತ್ತದೆ. ಇಬ್ಬರೂ ಏನು ಮಾಡುತ್ತಾರೆ? ಬೇರೆ ರಸೀದಿ ಕೊಡುವುದಿಲ್ಲ. "ನಾನು ನಿನಗೆ ಕೊಟ್ಟದ್ದೇ ನೀನು ನನಗೆ ಕೊಟ್ಟೆ, ಅಂದರೆ ನಿನ್ನ ಹತ್ತಿರ ಇದೆ" ಅಂತ ಅದನ್ನೇ ರಸೀದಿ ಅಂದುಕೊಳ್ಳುತ್ತಾರೆ. ಮಾತಿನಲ್ಲಿ ಹೇಳದ ಒಪ್ಪಿಗೆ. ಕಡತದಲ್ಲಿ ಈ ಎರಡು ಪ್ಯಾಕೆಟ್ ಅಕ್ಕಪಕ್ಕ ಕಂಡಾಗ ಇಡೀ ಫ್ಲಡಿಂಗ್ ಅರ್ಥವಾಗಿಬಿಡುತ್ತದೆ.

ಉಳಿದ ಸಂದರ್ಭದಲ್ಲಿ ಎಲ್‌ಎಸ್‌ಆ್ಯಕ್ ಎಂಬ ರಸೀದಿ ಪ್ಯಾಕೆಟ್ ಬರುತ್ತದೆ. ಕೆಲವು ಸಲ ಸ್ವಲ್ಪ ತಡೆದು, ಹಲವು ಎಲ್‌ಎಸ್‌ಎಗೆ ಸೇರಿಸಿ ಒಂದೇ ರಸೀದಿ. ಅದು ಬರುವವರೆಗೂ ಕಳಿಸಿದವನು ಆ ಎಲ್‌ಎಸ್‌ಎಯನ್ನು ಆ ನೈಬರ್‌ನ "ಮತ್ತೆ ಕಳಿಸಬೇಕಾದ ಪಟ್ಟಿ"ಯಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಮತ್ತೆ ಕಳಿಸುತ್ತಾನೆ. ಈ ಪಟ್ಟಿ ಯಾವ ನೈಬರ್‌ಗೆ ಬೆಳೆಯುತ್ತಾ ಹೋಗುತ್ತಿದೆಯೋ ಆ ಲಿಂಕ್ ಪ್ಯಾಕೆಟ್ ನುಂಗುತ್ತಿದೆ ಅಂತ ತಿಳಿಯಿರಿ. ನೈಬರ್ ಡೀಟೇಲ್ ಔಟ್‌ಪುಟ್‌ನಲ್ಲಿ ಅದರ ಉದ್ದ ಕಾಣುತ್ತದೆ.

ಬಂದ ಸುದ್ದಿ ತನ್ನ ಹತ್ತಿರ ಇರುವುದಕ್ಕಿಂತ ಹಳೆಯದಾಗಿದ್ದರೆ ರೌಟರ್ ಅದನ್ನು ಬರೀ ಬಿಸಾಕಿ ಸುಮ್ಮನಾಗುವುದಿಲ್ಲ. ತನ್ನ ಹತ್ತಿರದ ಹೊಸ ಪ್ರತಿಯನ್ನು ಅವನಿಗೆ ವಾಪಸ್ ಕೊಡುತ್ತದೆ. ಹಳೆಯ ಪ್ರತಿ ಎಲ್ಲೇ ಉಳಿದಿರಲಿ, ಬಾಯಿ ಬಿಟ್ಟ ಕೂಡಲೇ ಸರಿಹೋಗುತ್ತದೆ.

ಹಂತ 7: ಯಾವುದು ಹೊಸದು? ಇಡೀ ಕಟ್ಟಡ ನಿಂತಿರುವುದು ಇದರ ಮೇಲೆ

ನಿಯಮ ಹೀಗಿದೆ. ಸೀಕ್ವೆನ್ಸ್ ನಂಬರ್ ದೊಡ್ಡದಿರುವುದು ಹೊಸದು. ಅದೂ ಸಮ ಆದರೆ ಚೆಕ್‌ಸಮ್ ದೊಡ್ಡದಿರುವುದು. ಅದೂ ಸಮ ಆದರೆ, ಒಂದರ ವಯಸ್ಸು ಮಾತ್ರ ಗರಿಷ್ಠ ಮಿತಿ 3600 ಸೆಕೆಂಡ್ ಮುಟ್ಟಿದ್ದರೆ ಅದೇ ಹೊಸದು. ಅದೂ ಇಲ್ಲದಿದ್ದರೆ, ವಯಸ್ಸಿನ ವ್ಯತ್ಯಾಸ 15 ನಿಮಿಷಕ್ಕಿಂತ ಜಾಸ್ತಿ ಇದ್ದಾಗ ಚಿಕ್ಕ ವಯಸ್ಸಿನದು. ಇಷ್ಟೂ ಆಗಲಿಲ್ಲ ಅಂದರೆ ಎರಡೂ ಒಂದೇ.

ಈ ನಿಯಮ ಇಷ್ಟು ಹುಷಾರಾಗಿ ಯಾಕಿದೆ ಅಂತ ಗೊತ್ತಾಗಬೇಕಾದರೆ 1980ರ ಅಕ್ಟೋಬರ್ 27ಕ್ಕೆ ಹೋಗಬೇಕು. ಅವತ್ತು ಇಂಟರ್ನೆಟ್‌ಗೆ ಮೊದಲಿನ ಆರ್ಪಾನೆಟ್ ಹಲವು ಗಂಟೆ ಸ್ತಬ್ಧವಾಯಿತು. ಎರಿಕ್ ರೋಸೆನ್ ಆರ್‌ಎಫ್‌ಸಿ 789ರಲ್ಲಿ ಅದರ ವಿವರ ಬರೆದಿದ್ದಾರೆ. ಆಗಿನ ಲಿಂಕ್‌ಸ್ಟೇಟ್ ಅಪ್‌ಡೇಟ್‌ಗೆ 6 ಬಿಟ್‌ನ ಸೀಕ್ವೆನ್ಸ್ ನಂಬರ್ ಇತ್ತು, 0ರಿಂದ 63. ಮುಗಿದ ಮೇಲೆ ಮತ್ತೆ 0. ಗಡಿಯಾರದ ಮುಳ್ಳಿನ ಹಾಗೆ ಸುತ್ತುವ ಸಂಖ್ಯೆಯಾದ್ದರಿಂದ, ಅರ್ಧ ಸುತ್ತಿನೊಳಗೆ ಮುಂದಿರುವುದು ಹೊಸದು ಅಂತ ನಿಯಮ. ಹಾರ್ಡ್‌ವೇರ್ ಕೆಟ್ಟು ಬಿಟ್‌ಗಳು ಉದುರಿದವು. ಒಂದೇ ರೌಟರ್ ಹೆಸರಿನಲ್ಲಿ ಮೂರು ಅಪ್‌ಡೇಟ್ ಹುಟ್ಟಿಕೊಂಡವು: 44, 40, 8.

ಬರೆದು ನೋಡಿ. 44 ಅಂದರೆ 101100. ಒಂದು ಬಿಟ್ ಉದುರಿದರೆ 101000, ಅಂದರೆ 40. ಇನ್ನೊಂದು ಉದುರಿದರೆ 001000, ಅಂದರೆ 8. ಈಗ ಹೋಲಿಸಿ. 40ಕ್ಕಿಂತ 44 ಹೊಸದು, 4 ಮುಂದಿದೆ. 8ಕ್ಕಿಂತ 40 ಹೊಸದು, 32 ಮುಂದಿದೆ, ಅಂದಿನ ನಿಯಮದಲ್ಲಿ 32ರವರೆಗೆ ಒಪ್ಪಿಗೆ. 44ಕ್ಕಿಂತ 8 ಹೊಸದು, ಯಾಕೆಂದರೆ 63 ದಾಟಿ ಸುತ್ತಿ ಬಂದರೆ ಅದು 28 ಮಾತ್ರ ಮುಂದೆ. ಮೂರರಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದು! ಪ್ರತಿ ರೌಟರ್ ಪ್ರತಿ ಪ್ರತಿಯನ್ನೂ "ಓ, ಹೊಸದು" ಅಂತ ತೆಗೆದುಕೊಂಡು ಎಲ್ಲರಿಗೂ ಹಂಚಿತು. ಕೊನೆಯೇ ಇಲ್ಲದ ಸುತ್ತು. ರೌಟರ್‌ಗಳಿಗೆ ಬೇರೆ ಕೆಲಸ ಮಾಡಲು ಪುರುಸೊತ್ತೇ ಸಿಗಲಿಲ್ಲ.

ಓಎಸ್‌ಪಿಎಫ್ ಆವೃತ್ತಿ 2ರಲ್ಲಿ ಆ ಸುತ್ತು ಇಲ್ಲವೇ ಇಲ್ಲ. ಸಂಖ್ಯೆ 32 ಬಿಟ್, ನೆಟ್ಟಗಿನ ಗೆರೆ. ಹೆಕ್ಸಾಡೆಸಿಮಲ್‌ನಲ್ಲಿ 80000001ರಿಂದ ಶುರು. ಇದು ಚಿಹ್ನೆ ಇರುವ ಸಂಖ್ಯೆ, ಅಂದರೆ ಸೊನ್ನೆಗಿಂತ ತೀರಾ ಕೆಳಗಿನ ಋಣಸಂಖ್ಯೆಯಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ. ಒಂದೇ ಎಲ್‌ಎಸ್‌ಎಯನ್ನು 5 ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಸಲ ಬರೆಯುವಂತಿಲ್ಲ ಅಂತ ಮೂಲ ನಿಯಮ. ಆ ವೇಗದಲ್ಲೇ ಎಡೆಬಿಡದೆ ಬರೆದರೂ ನಂಬರ್ ಮುಗಿಯಲು ಸುಮಾರು 680 ವರ್ಷ ಬೇಕು. ಜೊತೆಗೆ ಪ್ರತಿ ಎಲ್‌ಎಸ್‌ಎಗೂ ತನ್ನದೇ ಚೆಕ್‌ಸಮ್. ಡೇಟಾಬೇಸ್‌ನಲ್ಲಿ ಕೂತಿರುವಾಗಲೂ ಅದನ್ನು ಆಗಾಗ ಪರೀಕ್ಷೆ ಮಾಡುತ್ತಾರೆ, ಮೆಮೊರಿಯಲ್ಲಿ ಬಿಟ್ ಉದುರಿದರೆ ಗೊತ್ತಾಗಲಿ ಅಂತ.

ಹಂತ 8: ವಯಸ್ಸು, ಮತ್ತು ಸತ್ತುಹೋದ ರೌಟರ್‌ನ ಮಾತು

ಎಲ್‌ಎಸ್‌ಎ ವಯಸ್ಸು 0ಯಿಂದ ಏರುತ್ತದೆ. ಬರೆದವನು 1800 ಸೆಕೆಂಡ್ ಆದಾಗ, ಏನೂ ಬದಲಾಗದಿದ್ದರೂ, ನಂಬರ್ ಏರಿಸಿ ಮತ್ತೆ ಕಳಿಸುತ್ತಾನೆ. 3600 ಸೆಕೆಂಡ್ ತಲುಪಿದರೆ ಅದು ಡೇಟಾಬೇಸ್‌ನಿಂದ ಹೋಗುತ್ತದೆ. ಬೇಕಂತಲೇ ಅಳಿಸಬೇಕಾದರೆ ಬರೆದವನೇ ವಯಸ್ಸನ್ನು 3600 ಮಾಡಿ ಹಂಚುತ್ತಾನೆ. ಮೇಲಿನ ನಿಯಮದಲ್ಲಿ ಗರಿಷ್ಠ ವಯಸ್ಸಿನದೇ "ಹೊಸದು" ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಅಳಿಸುವ ಸುದ್ದಿ ಇರುವ ಸುದ್ದಿಯನ್ನು ಸೋಲಿಸಬೇಕು. ವಯಸ್ಸು ದಾರಿಯುದ್ದಕ್ಕೂ ಬದಲಾಗುವುದರಿಂದ ಚೆಕ್‌ಸಮ್‌ನಲ್ಲಿ ಅದನ್ನು ಸೇರಿಸುವುದಿಲ್ಲ.

ಲ್ಯಾಬ್‌ನಲ್ಲಿ ಎ ರೌಟರನ್ನು ತಟ್ಟನೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಎಗೆ ಹಿಂದಿನದು ನೆನಪಿಲ್ಲದಿದ್ದರೆ 80000001ರಿಂದ ಶುರು ಮಾಡುತ್ತದೆ. ಬಿ ಹತ್ತಿರ ಎಯ ಹಳೆಯ ಎಲ್‌ಎಸ್‌ಎ ಇನ್ನೂ ಇದೆ, ನಂಬರ್ 8000002ಎ ಅಂದುಕೊಳ್ಳಿ. ಬಿ ಅದನ್ನೇ ಎಗೆ ತೋರಿಸುತ್ತದೆ. ಎ ನೋಡುತ್ತದೆ: ನನ್ನದೇ ಹೆಸರು, ನನಗಿಂತ ದೊಡ್ಡ ನಂಬರ್. ತಕ್ಷಣ 8000002ಬಿ ಅಂತ ಹೊಸದಾಗಿ ಬರೆದು ಹಂಚುತ್ತದೆ. ನೆನಪು ಹೋದವನಿಗೆ ಪಕ್ಕದವನು ನೆನಪಿಸಿಕೊಟ್ಟ ಹಾಗೆ.

ಇದೇ ಒಳ್ಳೆಯ ಗುಣ ಒಂದು ಕಡೆ ಕೈಕೊಡುತ್ತದೆ. ಎರಡು ರೌಟರ್‌ಗಳಿಗೆ ಒಂದೇ ಐಡಿ ಇದ್ದರೆ. ಒಂದು ವರ್ಚುವಲ್ ಮಷೀನ್ ಕಾಪಿ ಮಾಡಿ ಐಡಿ ಬದಲಾಯಿಸಲು ಮರೆತರೆ ಸಾಕು. ಇಬ್ಬರೂ ಅಕ್ಕಪಕ್ಕ ಇದ್ದರೆ ನೈಬರ್ ಆಗುವುದಿಲ್ಲ, ಲಾಗ್‌ನಲ್ಲಿ ಬೀಳುತ್ತದೆ. ಮಧ್ಯೆ ಇನ್ನೊಬ್ಬ ಇದ್ದರೆ, ಒಬ್ಬನ ಎಲ್‌ಎಸ್‌ಎ ಇನ್ನೊಬ್ಬನಿಗೆ "ನನ್ನದೇ ಹಳೆಯ ಮಾತು" ಅನ್ನಿಸುತ್ತದೆ. ಅವನು ನಂಬರ್ ಏರಿಸುತ್ತಾನೆ, ಇವನು ಇನ್ನೂ ಏರಿಸುತ್ತಾನೆ. ರೂಟ್‌ಗಳು ಬರುತ್ತವೆ, ಹೋಗುತ್ತವೆ, ಮತ್ತೆ ಬರುತ್ತವೆ. ಎಲ್ಲಾದರೂ ರೂಟ್ ಹೀಗೆ ಮಿಣಮಿಣ ಅಂದರೆ ಮಧ್ಯದ ರೌಟರ್‌ನಲ್ಲಿ ಶೋ ಐಪಿ ಓಎಸ್‌ಪಿಎಫ್ ಡೇಟಾಬೇಸ್ ಆಜ್ಞೆಯನ್ನು 10 ಸೆಕೆಂಡ್ ಬಿಟ್ಟು ಎರಡು ಸಲ ಕೊಡಿ. ಯಾವ ಐಡಿಯ ಸೀಕ್ವೆನ್ಸ್ ನಂಬರ್ ಓಡುತ್ತಿದೆಯೋ ಅಲ್ಲೇ ಜಗಳ. ಲ್ಯಾಬ್‌ನಲ್ಲಿ ಸಿಗೆ 1.1.1.1 ಕೊಟ್ಟು, ಎ–ಸಿ ಲಿಂಕ್ ತೆಗೆದು ಒಮ್ಮೆ ಈ ದೃಶ್ಯ ನೋಡಿಡಿ. ನಿಜ ಜೀವನದಲ್ಲಿ ಕಂಡಾಗ ಒಂದು ನಿಮಿಷದಲ್ಲಿ ಗುರುತು ಹಿಡಿಯುತ್ತೀರಿ. ನೋಡಿದ ಮೇಲೆ ಐಡಿ ಮತ್ತು ಲಿಂಕ್ ಮೊದಲಿನ ಹಾಗೇ ಮಾಡಿ.

ಒಂದೇ ಸ್ವಿಚ್ ಮೇಲೆ ಹತ್ತು ರೌಟರ್ ಇದ್ದರೆ

ಪ್ರತಿ ಜೋಡಿಯೂ ಮೇಲಿನ ಮಾತುಕತೆ ನಡೆಸಿದರೆ 45 ಜೋಡಿ. ಅದಕ್ಕೇ ಬ್ರಾಡ್‌ಕಾಸ್ಟ್ ನೆಟ್‌ವರ್ಕ್‌ನಲ್ಲಿ ಒಬ್ಬ ಡಿಆರ್ (ಮುಖಂಡ), ಒಬ್ಬ ಬಿಡಿಆರ್ (ಬದಲಿ ಮುಖಂಡ) ಆಯ್ಕೆ ಆಗುತ್ತಾರೆ. ಉಳಿದವರು ಇವರಿಬ್ಬರ ಜೊತೆ ಮಾತ್ರ ಸಿಂಕ್ ಮಾಡುತ್ತಾರೆ, 17 ಜೋಡಿಗೆ ಇಳಿಯಿತು. ಸುದ್ದಿ ಇರುವವನು 224.0.0.6ಕ್ಕೆ ಕಳಿಸಿದರೆ ಡಿಆರ್ ಮತ್ತು ಬಿಡಿಆರ್ ಇಬ್ಬರೂ ಕೇಳಿಸಿಕೊಳ್ಳುತ್ತಾರೆ. ಡಿಆರ್ ಅದನ್ನು 224.0.0.5ಕ್ಕೆ ಕೂಗಿ ಹೇಳುತ್ತಾನೆ. ಬಿಡಿಆರ್ ಸುಮ್ಮನಿದ್ದು ಕಾಯುತ್ತಾನೆ.

ಉಳಿದವರು ತಮ್ಮತಮ್ಮಲ್ಲಿ ಟೂ-ವೇನಲ್ಲೇ ಇರುತ್ತಾರೆ. ಇದು ತಪ್ಪಲ್ಲ, ಹೀಗೇ ಇರಬೇಕು. ಹೊಸಬರು ಇದನ್ನು ನೋಡಿ ಗಾಬರಿಯಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಇನ್ನೊಂದು: ಪ್ರಯಾರಿಟಿ ಜಾಸ್ತಿ ಇರುವ ರೌಟರ್ ಆಮೇಲೆ ಬಂದರೂ ಇರುವ ಡಿಆರ್ ಜಾಗ ಬಿಡುವುದಿಲ್ಲ. ಎರಡೇ ರೌಟರ್ ಇರುವ ಲಿಂಕ್‌ಗೆ ಇದೆಲ್ಲ ಬೇಕಿಲ್ಲ, ಪಾಯಿಂಟ್ ಟು ಪಾಯಿಂಟ್ ಮಾಡಿಬಿಡಿ.

ಐಎಸ್-ಐಎಸ್ ಎಂಬ ಇನ್ನೊಂದು ಲಿಂಕ್‌ಸ್ಟೇಟ್ ಪ್ರೋಟೋಕಾಲ್ ಬಳಸುವವರಿಗೆ ಒಂದು ಮಾತು. ಅಲ್ಲಿ ಎಕ್ಸ್‌ಸ್ಟಾರ್ಟ್‌ನಂಥ ಹಂತವೇ ಇಲ್ಲ. ಪರಿವಿಡಿಗೆ ಸಿಎಸ್‌ಎನ್‌ಪಿ ಎಂಬ ಪ್ಯಾಕೆಟ್, ಕೇಳಲು ಮತ್ತು ರಸೀದಿಗೆ ಪಿಎಸ್‌ಎನ್‌ಪಿ ಎಂಬ ಪ್ಯಾಕೆಟ್. ಲ್ಯಾನ್ ಮೇಲೆ ಮುಖಂಡ ರೌಟರ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪರಿವಿಡಿ ಓದುತ್ತಲೇ ಇರುತ್ತದೆ. ಯಾರಿಗೆ ಏನು ತಪ್ಪಿದೆಯೋ ಅವರು ಕೇಳಿಕೊಳ್ಳುತ್ತಾರೆ. ವಯಸ್ಸು ಅಲ್ಲಿ ಏರುವುದಿಲ್ಲ, ಸಾಮಾನ್ಯವಾಗಿ 1200ರಿಂದ ಇಳಿಯುತ್ತದೆ.

ಹಂತ 9: ನಿಜವಾಗಿಯೂ ಒಂದೇ ನಕ್ಷೆಯೇ? ತಾಳೆ ನೋಡುವುದು

ಎಲ್ಲ ನೈಬರ್ ಫುಲ್ ಅಂತ ತೋರಿಸಿದರೆ ಅಷ್ಟಕ್ಕೇ ನಿಲ್ಲಬೇಡಿ. ಶೋ ಐಪಿ ಓಎಸ್‌ಪಿಎಫ್ ಅಂತ ಕೊಟ್ಟರೆ ಪ್ರತಿ ಏರಿಯಾದ ಕೆಳಗೆ ಎಷ್ಟು ಎಲ್‌ಎಸ್‌ಎ ಇವೆ, ಅವುಗಳ ಚೆಕ್‌ಸಮ್ ಮೊತ್ತ ಎಷ್ಟು ಅಂತ ಬರುತ್ತದೆ. ಎಫ್‌ಆರ್‌ಆರ್ ಇದನ್ನು ಟೈಪ್ ಪ್ರಕಾರ ಬಿಡಿಸಿ ತೋರಿಸುತ್ತದೆ. ಒಂದೇ ಏರಿಯಾದ ಎರಡು ರೌಟರ್‌ಗಳಲ್ಲಿ ಈ ಎರಡು ಸಂಖ್ಯೆ ಒಂದೇ ಇರಬೇಕು. ಸಾವಿರ ಸಾಲಿನ ಡೇಟಾಬೇಸ್ ಕಣ್ಣಲ್ಲಿ ಹೋಲಿಸುವ ಕಷ್ಟವೇ ಇಲ್ಲ.

ನಿನ್ನೆಯ ಮೊತ್ತದ ಜೊತೆ ಇವತ್ತಿನದನ್ನು ಹೋಲಿಸಬೇಡಿ. ಸೀಕ್ವೆನ್ಸ್ ನಂಬರ್ ಏರಿದಾಗಲೆಲ್ಲ ಚೆಕ್‌ಸಮ್ ಬದಲಾಗುತ್ತದೆ, ಅರ್ಧ ಗಂಟೆಯಲ್ಲಿ ಎಲ್ಲವೂ ಹೊಸದಾಗಿರುತ್ತದೆ. ಒಂದೇ ಹೊತ್ತಿನಲ್ಲಿ ರೌಟರ್‌ನಿಂದ ರೌಟರ್‌ಗೆ ಹೋಲಿಸಬೇಕು. ವ್ಯತ್ಯಾಸ ಬಂದರೆ ಕೆಲವು ಸೆಕೆಂಡ್ ಬಿಟ್ಟು ಮತ್ತೊಮ್ಮೆ ನೋಡಿ, ನೀವು ನೋಡಿದ ಗಳಿಗೆಯಲ್ಲೇ ಯಾವುದೋ ಎಲ್‌ಎಸ್‌ಎ ದಾರಿಯಲ್ಲಿ ಇದ್ದಿರಬಹುದು. ಎರಡನೇ ಸಲವೂ ಬೇರೆ ಬಂದರೆ, ಎರಡೂ ಕಡೆಯ ಡೇಟಾಬೇಸ್ ಪಟ್ಟಿ ತೆಗೆದು, ವಯಸ್ಸಿನ ಕಾಲಂ ಅಳಿಸಿ, ಡಿಫ್ ಆಜ್ಞೆಯಿಂದ ಹೋಲಿಸಿ. ಉಳಿದ ಸಾಲಿನಲ್ಲಿ ಬರೆದ ರೌಟರ್‌ನ ಐಡಿ ಸಿಗುತ್ತದೆ. ಆ ರೌಟರ್‌ನಿಂದ ಹಿಂದುಳಿದ ರೌಟರ್‌ವರೆಗೆ ಒಂದೊಂದೇ ಹಾಪ್ ನೋಡುತ್ತಾ ಹೋಗಿ. ಎಲ್ಲಿ ಮತ್ತೆ ಕಳಿಸಬೇಕಾದ ಪಟ್ಟಿ ಖಾಲಿಯಾಗದೆ ನಿಂತಿದೆಯೋ ಆ ಲಿಂಕ್‌ನ ಎರಡೂ ತುದಿಯಲ್ಲಿ ದೊಡ್ಡ ಪಿಂಗ್ ಹಾಕಿ.

ಈಗ ಲ್ಯಾಬ್‌ನಲ್ಲಿ ಎ–ಬಿ ಲಿಂಕ್ ಕೆಡವಿ, ಹತ್ತು ಸೆಕೆಂಡ್ ಬಿಟ್ಟು ಮೇಲೆತ್ತಿ, ಫುಲ್ ಆದ ಮೇಲೆ ಮೂರೂ ಕಡೆ ಮೊತ್ತ ಬರೆದುಕೊಳ್ಳಿ. ಮೂರೂ ಒಂದೇ ಬರುತ್ತವೆ. ಆಮೇಲೆ ಬಿ ಕಡೆಯ ಎಂಟಿಯು 1400 ಮಾಡಿ ಅದೇ ಪ್ರಯೋಗ ಮತ್ತೆ ಮಾಡಿ, ನೈಬರ್ ಪಟ್ಟಿಯಲ್ಲಿ ಯಾವ ಪದ ಕಾಣುತ್ತದೆ ಅಂತ ಎರಡೂ ಕಡೆ ಓದಿ.